ಚೇಳು ಹೋಯಿತು, ಚರ್ಮ ಉಳಿಯಿತು

ನಮ್ಮ ಕಡೆಯವರ ಮೈಬಣ್ಣಕ್ಕೆ ಲೇಸರ್ ಒಗ್ಗುವುದಿಲ್ಲ, ಟ್ಯಾಟೂ ಹೋದರೂ ಬಿಳಿ ಮಚ್ಚೆ ಉಳಿಯುತ್ತದೆ ಅಂತ ಸೊಲ್ಲಾಪುರದಿಂದ ಹೈದರಾಬಾದಿನ ತನಕ ಸೂಜಿ ಹಿಡಿದ ದೋಸ್ತರೆಲ್ಲ ಹೇಳುತ್ತಿದ್ದರು. ನನ್ನ ಬಲಗೈ ಮೇಲಿದ್ದ ಚೇಳಿನ ಟ್ಯಾಟೂ ಈಗ ಇಲ್ಲ. ಬಿಳಿ ಮಚ್ಚೆಯೂ ಇಲ್ಲ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಕೊಂಡಿ ಇದ್ದ ಜಾಗ ಸ್ವಲ್ಪ ಹೊಳೆಯುತ್ತದೆ. ಅದು ಲೇಸರಿನ ಗುರುತಲ್ಲ, ಉಪ್ಪಿನದು.

ಕಲಬುರಗಿಯಲ್ಲಿ ಟ್ಯಾಟೂ ಅಂಗಡಿ ಇಟ್ಟವರಿಗೆ ಗೊತ್ತು, ತೆಗೆಸಲು ಬರುವವರಲ್ಲಿ ಹೆಚ್ಚಿನವರು ಭರ್ತಿಗೆ ಓಡುವ ಹುಡುಗರು. ಕೇಂದ್ರ ಪಡೆಗಳ ಮೆಡಿಕಲ್‌ನಲ್ಲಿ ಸೆಲ್ಯೂಟ್ ಹೊಡೆಯದ ಎಡಗೈಯ ಮುಂಗೈ ಒಳಭಾಗ ಮತ್ತು ಹಸ್ತದ ಹಿಂಬದಿಗೆ ಮಾತ್ರ ರಿಯಾಯಿತಿ, ಅದೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ನೂರಿನ್ನೂರು ಕೊಟ್ಟು ಬಲಗೈಗೆ ಹೆಸರು ಬರೆಸಿಕೊಂಡವನಿಗೆ ಈ ನಿಯಮ ನೆನಪಾಗುವುದು ಮೆಡಿಕಲ್ ತಾರೀಖು ಬಂದ ಮೇಲೆ. "ಅಣ್ಣಾ, ಹದಿನೈದ್ ದಿನದಾಗ ಹೋಗಬೇಕ್ ನೋಡ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ." ಹದಿನೈದು ದಿನದಲ್ಲಿ ಹೋಗುವುದು ಚರ್ಮ ಮಾತ್ರ ತಮ್ಮಾ ಎನ್ನುತ್ತೇನೆ. ನಂಬುವುದಿಲ್ಲ. ಮನೆಗೆ ಹೋಗಿ ಏನಾದರೂ ಹಚ್ಚಿಕೊಂಡು, ಕೀವು ತುಂಬಿಸಿಕೊಂಡು ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಮನೆಮದ್ದುಗಳನ್ನು ನಾನು ಕೂತಲ್ಲೇ ಬೈಯುತ್ತಿಲ್ಲ, ಮೈಮೇಲೆ ನೋಡಿಯೇ ಹೇಳುತ್ತಿದ್ದೇನೆ. ಮೊದಲು ಉಪ್ಪು. ಹರಳುಪ್ಪು, ಒದ್ದೆ ಗಾಜ್ ಬಟ್ಟೆ, ಉಜ್ಜು ಉಜ್ಜು. ಸೂಜಿ ಎಷ್ಟು ಆಳಕ್ಕೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತಿದ್ದದ್ದೇ, ಅಷ್ಟು ಆಳಕ್ಕೆ ಉಜ್ಜಿದರೆ ಉಳಿಯುವುದು ಗಾಯ. ಕೊಂಡಿಯ ಮೇಲೆ ಎರಡು ಬೆರಳಗಲ ಉಜ್ಜಿದೆ. ರಸಿಗೆ ಸೋರಿತು, ಹಕ್ಕಳೆ ಕಟ್ಟಿತು, ಅದು ಉದುರಿದ ಮೇಲೆ ಹೊಸ ಗುಲಾಬಿ ಚರ್ಮದ ಕೆಳಗೆ ಅದೇ ಕೊಂಡಿ ಮೊದಲಿಗಿಂತ ಮಸುಕಾಗಿ ಕೂತಿತ್ತು. ಮುಂದೆ ಲೇಸರಿಗೆ ಎಲ್ಲಕ್ಕಿಂತ ಕೊನೆಗೆ ಜಗ್ಗಿದ್ದು ಅದೇ ಜಾಗ, ಕಲೆಗಟ್ಟಿದ ಚರ್ಮದೊಳಗಿನ ಇಂಕು ಬೇಗ ಬಿಡುವುದಿಲ್ಲ.

ಸುಣ್ಣ ಮತ್ತು ಬಟ್ಟೆ ಸೋಡಾದ ಕತೆ ಇನ್ನೂ ಕೆಟ್ಟದ್ದು. ನರೂಲಿ ತೆಗೆಯಲು ಹಳ್ಳಿಯಲ್ಲಿ ಹಚ್ಚುತ್ತಾರಲ್ಲ, ಅದೇ. ಎರಡೂ ನೀರಲ್ಲಿ ಕೂಡಿದರೆ ಆಗುವುದು ಚರ್ಮ ಸುಡುವ ಕಾಸ್ಟಿಕ್ ಸೋಡಾ. ಅಫಜಲಪುರ ಕಡೆಯ ಒಬ್ಬ ಹುಡುಗ ಅದನ್ನು ಹಚ್ಚಿ ರಾತ್ರಿಯಿಡೀ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಹೆಸರು ಹೋಗಿತ್ತು, ಖರೆ. ಆದರೆ ಅದೇ ಹೆಸರು ಈಗ ಉಬ್ಬಿದ ಗಾಯವಾಗಿ ಕತ್ತಲಲ್ಲಿ ಬೆರಳಾಡಿಸಿದರೂ ಓದಬಹುದು. ಇನ್ನು ಕೇರುಬೀಜದ ಎಣ್ಣೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಅದು ಟ್ಯಾಟೂ ತೆಗೆಯುವುದು ಹಾಗಿರಲಿ, ಮೇಲೊಂದು ಕಪ್ಪು ಕಲೆ ಕೂಡಿಸುತ್ತದೆ. ಒಗ್ಗದವರಿಗೆ ಮುಖ ಮೋರೆ ಎಲ್ಲ ಬಾತುಕೊಳ್ಳುತ್ತದೆ.

ಕ್ರೀಮಿಗೆ ನಾನು ಸುರಿದದ್ದು ನಾಲ್ಕು ಸಾವಿರದ ಆಜುಬಾಜು. ಬೆಳಿಗ್ಗೆ ಸಂಜೆ ತಿಕ್ಕಿದೆ, ಚೇಳಿನ ಸುತ್ತಲ ಚರ್ಮ ಬೆಳ್ಳಗಾಯಿತು, ಚೇಳು ಇನ್ನೂ ಎದ್ದು ಕಂಡಿತು. ಟ್ಯಾಟೂ ತೆಗೆಯುವ ಯಾವ ಕ್ರೀಮಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂದಿಗೂ ಒಪ್ಪಿಗೆ ಕೊಟ್ಟಿಲ್ಲ ಎಂಬುದು ತಿಳಿದದ್ದು ರೊಕ್ಕ ಹೋದ ಮೇಲೆ. ಚರ್ಮದ ಪದರ ಸುಲಿಯುವ ಟಿಸಿಎ ಆಸಿಡ್ ತರಿಸಿ ಹಚ್ಚಿಕೊಳ್ಳುವವರಿಗೆ ಒಂದೇ ಮಾತು, ಬೇಡ. ಚರ್ಮದ ಡಾಕ್ಟರು ಮುಖಕ್ಕೆ ಅದನ್ನು ಹಚ್ಚುವಾಗಲೇ ಗಡಿಯಾರ ನೋಡುತ್ತಾ ನಿಂತಿರುತ್ತಾರೆ.

ಆನ್‌ಲೈನಿನಲ್ಲಿ ಲೇಸರ್ ಅಂತ ಮಾರುವ "ಪಿಕೊ ಪೆನ್ನು" ಎರಡೂವರೆ ಸಾವಿರಕ್ಕೆ ತರಿಸಿದ್ದೆ. ಹಾಗಲಕಾಯಿ ಸಿಪ್ಪೆ ಮೇಲೆ ಇಟ್ಟು ನೋಡಿದೆ, ಹೊಗೆ ಬಂತು. ಇಂಕನ್ನು ಒಡೆಯಬೇಕಾದ ಬೆಳಕು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಬಡಿದು ಹೋಗಬೇಕು. ಇದು ಸುಮ್ಮನೆ ಸುಡುವ ಟಾರ್ಚು. ಬೀದರಿನ ಗೆಳೆಯನೊಬ್ಬ ಅರವತ್ತು ಸಾವಿರದ ಹತ್ತಿರ ಕೊಟ್ಟು ಚೀನಾ ಮಷೀನನ್ನೇ ಇಳಿಸಿಕೊಂಡ. ಜೊತೆಗೆ ಬಂದ ಕನ್ನಡಕದ ಮೇಲೆ ಯಾವ ತರಂಗಕ್ಕೆ ಅಂತ ಬರೆದಿರಲೇ ಇಲ್ಲ. ಆ ಮಷೀನು ಬಿಡುವ 1064 ನ್ಯಾನೋಮೀಟರ್ ತರಂಗ ಕಣ್ಣಿಗೆ ಕಾಣದ ಬೆಳಕು, ರೆಪ್ಪೆ ಮುಚ್ಚುವ ಮೊದಲೇ ಕಣ್ಣೊಳಗಿನ ಪರದೆ ಸುಟ್ಟಿರುತ್ತದೆ. "ಮಾರಿಬಿಡು ಭಾಯಿ" ಅಂದೆ. ಮಾರಿದ, ಅರ್ಧ ರೇಟಿಗೆ.

ನನ್ನದು ನಡೆದದ್ದು ಹೀಗೆ. ಇಲ್ಲಿಯೇ ಕ್ಯೂ-ಸ್ವಿಚ್ ಎನ್‌ಡಿ ಯಾಗ್ ಎಂಬ ಲೇಸರ್ ಮಷೀನು ಇಟ್ಟ ಚರ್ಮದ ಡಾಕ್ಟರೊಬ್ಬರ ಹತ್ತಿರ ಹೋಗಿ, ಕೈ ನನ್ನದು, ಅವಸರ ಮಾಡಬೇಡಿ ಅಂದೆ. ಕಪ್ಪು ಇಂಕಿಗೆ 1064 ಮಾತ್ರ, ಯಾಕೆಂದರೆ ಅದು ಮೇಲಿನ ಮೈಬಣ್ಣವನ್ನು ಹೆಚ್ಚು ಕಾಡದೆ ಕೆಳಗೆ ಇಳಿಯುತ್ತದೆ. ಪವರ್ ಕಡಿಮೆ. ಬಡಿದ ಕೂಡಲೇ ಗೆರೆ ಸುಣ್ಣ ಬಳಿದಂತೆ ಬೆಳ್ಳಗಾಗಿ, ಹದಿನೈದಿಪ್ಪತ್ತು ನಿಮಿಷಕ್ಕೆ ಮಾಯವಾಗಬೇಕು, ಅಷ್ಟೇ ಸಾಕು. ರಕ್ತ ಜಿನುಗಿದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಎಲ್ಲರೂ ಆರು ವಾರಕ್ಕೆ ಕರೆಯುತ್ತಾರೆ, ನಾನು ಎರಡೂವರೆ ಮೂರು ತಿಂಗಳು ಬಿಟ್ಟೆ. ಒಡೆದ ಇಂಕನ್ನು ಹೊತ್ತೊಯ್ಯುವುದು ಮೈಯೇ, ಮಷೀನಲ್ಲ. ಮಾರ್ಚಿನಿಂದ ಜೂನ್ ಮಳೆ ಬೀಳುವ ತನಕ ಪೂರಾ ರಜೆ. ನಲವತ್ಮೂರು ಡಿಗ್ರಿ ಬಿಸಿಲಲ್ಲಿ ಬೈಕ್ ಓಡಿಸುವ ಕೈಗೆ ಲೇಸರ್ ಹೊಡೆಸಿದರೆ ದೋಸ್ತರು ಹೇಳುವ ಬಿಳಿ ಮಚ್ಚೆ, ಕರಿ ಮಚ್ಚೆ ಎರಡೂ ಬರುತ್ತವೆ. ಅವರು ನೋಡಿದ್ದು ಸುಳ್ಳಲ್ಲ, ಹೊಡೆದವರಿಗೆ ತಾಳ್ಮೆ ಇರಲಿಲ್ಲ.

ಒಂದು ಸಿಟ್ಟಿಂಗಿಗೆ ಎರಡು ಸಾವಿರದ ಮೇಲೆ ಕೆಳಗೆ, ಹೈದರಾಬಾದಿನಲ್ಲಿ ಕೇಳಿದ್ದು ಅದರ ದುಪ್ಪಟ್ಟು. ಏಳೆಂಟು ಸಿಟ್ಟಿಂಗಿನಲ್ಲಿ ಚೇಳಿನ ಕಾಲುಗಳು ಹೋದವು, ಮೈ ಹೋಯಿತು, ಎರಡು ವರ್ಷದ ಮೇಲೆಯೇ ಹಿಡಿಯಿತು. ನಡುವೆ ಗುಟ್ಕಾ ಬಿಡದಿದ್ದರೂ ಸಿಗರೇಟು ಬಿಟ್ಟೆ, ಸೇದುವವರಿಗೆ ನಿಧಾನ ಎನ್ನುವುದು ಡಾಕ್ಟರ ಮಾತು. ಒಂದೇ ದಿನ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಸಲ ಹೊಡೆಯುವ ಪದ್ಧತಿಯನ್ನೂ ಹಟ ಮಾಡಿ ಮಾಡಿಸಿದೆ. ದ್ರಾಕ್ಷಿಯಷ್ಟು ದಪ್ಪ ಗುಳ್ಳೆ ಎದ್ದವು, ಫಾಯದೆ ಏನೂ ಕಾಣಲಿಲ್ಲ.

ಮನೆಯಲ್ಲಿ ಮಾಡುವ ಕೆಲಸ ಇರುವುದು ಆಮೇಲೆ. ಗುಳ್ಳೆ ಒಡೆಯಬಾರದು, ಹಕ್ಕಳೆ ಕೀಳಬಾರದು, ಪೆಟ್ರೋಲಿಯಂ ಜೆಲ್ಲಿ, ತೆಳು ಗಾಜ್, ತುಂಬುತೋಳಿನ ಅಂಗಿ. ಪವರ್ ಎಷ್ಟಿಟ್ಟೆವು, ರಾತ್ರಿ ಪಟ್ಟಿ ಹೇಗೆ ಕಟ್ಟುತ್ತಿದ್ದೆ ಎನ್ನುವುದನ್ನು ಬರೆಯುವುದಿಲ್ಲ. ಓದಿ ಮನೆಯಲ್ಲೇ ಕೈ ಇಡುವವರಿದ್ದಾರೆ, ಮತ್ತೆ ಹೊಟ್ಟೆಪಾಡೂ ಇದೆ.

ಧಂಧೆಯವರಿಗೆ ನಿಜವಾದ ಲಾಭ ಇರುವುದು ಪೂರ್ತಿ ತೆಗೆಯುವುದರಲ್ಲಲ್ಲ. ಎರಡು ಮೂರು ಸಿಟ್ಟಿಂಗಿನಲ್ಲಿ ಮಸುಕು ಮಾಡಿಸಿ, ಅದರ ಮೇಲೆ ಹೊಸ ಟ್ಯಾಟೂ ಹಾಕಿ ಕವರ್ ಅಪ್ ಮಾಡಿ, ಗಾಢ ಕಪ್ಪು ಬೇಕಾಗುವುದಿಲ್ಲ. ಆದರೆ ಮುಂದೆ ಮತ್ತೆ ತೆಗೆಸಬಹುದಾದ ಗಿರಾಕಿಗೆ ಬಿಳಿ ಇಂಕು ಹಾಕಬೇಡಿ. ನನ್ನ ಮೀನಖಂಡದ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟು, ವಾಸಿಯಾದ ಮೇಲೆ ಲೇಸರ್ ಹೊಡೆಸಿದೆ, ಚಟ್ ಅನ್ನುವಷ್ಟರಲ್ಲಿ ಕಪ್ಪಾಯಿತು. ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಗುಣ ಅದು. ಹಳೆಯ ಹಚ್ಚೆ ಇದಕ್ಕೆ ಉಲ್ಟಾ, ದೀಪದ ಮಸಿ ಬಿಟ್ಟು ಬೇರೆ ಬಣ್ಣ ಇಲ್ಲದ್ದರಿಂದ ಎಲ್ಲಕ್ಕಿಂತ ಬೇಗ ಹೋಗುತ್ತದೆ. ಆಳಂದದ ಅವ್ವನೊಬ್ಬಳನ್ನು ಮಗಳು ಗದ್ದದ ಚುಕ್ಕೆ ತೆಗೆಸಲು ಕರೆತಂದಿದ್ದಳು. "ಸತ್ತಾಗ ಸಂಗ್ಯಾಟ ಬರೋದು ಇದೊಂದೇ, ತಗದು ಏನ್ ಮಾಡ್ತಿ?" ಅಂತ ಎದ್ದು ಹೋದಳು.

ಚೇಳಿನ ಕೆಳಗಿದ್ದ ಹಸಿರು ಎಲೆ ಮಾತ್ರ ಇನ್ನೂ ಹಾಗೇ ಇದೆ. 1064 ಅದನ್ನು ಮುಟ್ಟಲಿಲ್ಲ, ಕೆಂಪಿಗೆ ಬಳಸುವ 532 ಕೂಡ ಅಷ್ಟೇ. ಅದಕ್ಕೆ ಬೇಕಾದ ಅಲೆಕ್ಸಾಂಡ್ರೈಟ್ ಅಥವಾ ರೂಬಿ ಲೇಸರ್ ಮಷೀನು ಯಾರ ಹತ್ತಿರವಾದರೂ ಹತ್ತಿರದಲ್ಲಿದ್ದರೆ ತಿಳಿಸಿ, ರೇಟು ಮೊದಲೇ ಹೇಳಿ.