ಸರ್ಜನ್ ಆರಿಸುವ ಮುಂಚೆ ನಾನು ಏನೇನು ನೋಡಿದೆ

ಮೂಗಿನ ಆಪರೇಷನ್ ಮಾಡಿಸಿಕೊಳ್ಳೋಣ ಅಂತ ತೀರ್ಮಾನಿಸಿದ ಮೇಲೆ ನಾನು ಮೊದಲು ಪಕ್ಕಕ್ಕಿಟ್ಟಿದ್ದು ಬಿಫೋರ್-ಆಫ್ಟರ್ ಫೋಟೋಗಳನ್ನು. ಬೆಳಕು ಸ್ವಲ್ಪ ಬದಲಾದರೆ ಸಾಕು, ಕತ್ತಿ ಮುಟ್ಟಿಸದೆಯೇ ಮೂಗು ಚಂದ ಕಾಣುತ್ತದೆ. ನನಗೆ ಬೇಕಾಗಿದ್ದು ಡಾಕ್ಟರ ಓದು.

ಭಾರತದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗುವ ಸಾಮಾನ್ಯ ದಾರಿ ಹೀಗೆ: ಎಂಬಿಬಿಎಸ್, ಜನರಲ್ ಸರ್ಜರಿಯಲ್ಲಿ 3 ವರ್ಷದ ಎಂಎಸ್, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಇನ್ನೂ 3 ವರ್ಷದ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ (ಮೊದಲು ಡಿಎನ್‌ಬಿ ಅನ್ನುತ್ತಿದ್ದರು) ಡಿಗ್ರಿ. ಮೂಗಿನ ಕೆಲಸ ಚೆನ್ನಾಗಿ ಕಲಿತ ಇಎನ್‌ಟಿ ಸರ್ಜನ್‌ಗಳೂ ಇದ್ದಾರೆ, ಹಾಗಾಗಿ ಅವರನ್ನೂ ಪಟ್ಟಿಯಲ್ಲಿ ಇಟ್ಟುಕೊಂಡೆ. ಬೋರ್ಡಿನ ಮೇಲೆ ಬರೀ ‘ಕಾಸ್ಮೆಟಿಕ್ ಸರ್ಜನ್’ ಅಂತಿದ್ದರೆ ಅದರಿಂದ ಓದು ಏನೂ ಗೊತ್ತಾಗುವುದಿಲ್ಲ.

ಒಂದು ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಸಾಲು ಅಕ್ಷರಗಳಿದ್ದವು. ಒಂದೊಂದಾಗಿ ಬಿಡಿಸಿ ನೋಡಿದೆ. ಎಂಬಿಬಿಎಸ್ ಸರಿ. ಆಮೇಲೆ ಒಂದು ಡಿಪ್ಲೊಮಾ, ಎರಡು ಫೆಲೋಶಿಪ್, ಕೊನೆಗೆ ಒಂದು ಸಂಘದ ಸದಸ್ಯತ್ವ. ಸರ್ಜರಿಯ ಡಿಗ್ರಿ ಮಾತ್ರ ಎಲ್ಲೂ ಇಲ್ಲ! ಫೆಲೋಶಿಪ್ ಅಂದರೆ ಒಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕಲಿತದ್ದೂ ಇರಬಹುದು, ಕೆಲವೇ ದಿನದ ಕೋರ್ಸೂ ಇರಬಹುದು. ಎಲ್ಲಿ, ಎಷ್ಟು ಕಾಲ ಅಂತ ಕೇಳದೆ ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಕೂದಲು ಕಸಿಯಂಥ ಚಿಕಿತ್ಸೆ ಶುರು ಮಾಡಲು ವರ್ಕ್‌ಶಾಪ್ ಅಥವಾ ಯೂಟ್ಯೂಬ್ ನೋಡಿದ್ದಷ್ಟೇ ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು. ಪರಿಸ್ಥಿತಿ ಹೇಗಿದೆ ಅಂತ ಇದರಿಂದಲೇ ಗೊತ್ತಾಗುತ್ತೆ, ಅಲ್ವಾ?

ಮುಂದಿನ ಕೆಲಸ ರಿಜಿಸ್ಟ್ರೇಷನ್ ನಂಬರ್. ಪ್ರಿಸ್ಕ್ರಿಪ್ಷನ್ ಚೀಟಿಯ ಮೇಲೆ ಅದು ಇರಲೇಬೇಕು. ಒಂದು ಕಡೆ ಫೋನಿನಲ್ಲಿ ನಂಬರ್ ಕೇಳಿದಾಗ, “ಅದೆಲ್ಲಾ ಯಾಕೆ ಮೇಡಂ? ಸರ್ ತುಂಬಾ ಫೇಮಸ್” ಅಂದರು. ಆ ಹೆಸರನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದು ಕಡೆ ಕೇಳಿದ ತಕ್ಷಣ ಕೊಟ್ಟರು. ಆಯೋಗದ ವೆಬ್‌ಸೈಟಿನ ವೈದ್ಯರ ರಿಜಿಸ್ಟರಿನಲ್ಲಿ ನಂಬರ್, ಅದನ್ನು ಕೊಟ್ಟ ರಾಜ್ಯದ ವೈದ್ಯಕೀಯ ಕೌನ್ಸಿಲ್ ಎರಡನ್ನೂ ಹಾಕಿ ಹುಡುಕಿದೆ. ಹೆಸರು ಸಿಕ್ಕಿತು, ಆದರೆ ಎಂಬಿಬಿಎಸ್ ಮಾತ್ರ ಕಾಣಿಸಿತು. ಮುಂದಿನ ಡಿಗ್ರಿ ಅಲ್ಲಿಗೆ ಏರದೇ ಇರುವುದೂ ಉಂಟು. ಹಾಗಾಗಿ ಸುಮ್ನೆ ಅನುಮಾನ ಪಡದೆ, ಹೆಚ್ಚುವರಿ ಡಿಗ್ರಿಯನ್ನು ರಾಜ್ಯ ಕೌನ್ಸಿಲ್‌ನಲ್ಲಿ ನೋಂದಾಯಿಸಿದ ಸರ್ಟಿಫಿಕೇಟ್ ತೋರಿಸ್ತೀರಾ ಅಂತ ಡಾಕ್ಟರನ್ನೇ ಕೇಳಿದೆ. ಬೇಸರವಿಲ್ಲದೆ ತೋರಿಸಿದರು.

ಬೇರೆ ದೇಶದಲ್ಲಿ ಮಾಡಿಸುವವರು ಅಲ್ಲಿಯದ್ದನ್ನೇ ನೋಡಬೇಕು. ಬ್ರಿಟನ್‌ನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್‌ನ ಸ್ಪೆಷಲಿಸ್ಟ್ ರಿಜಿಸ್ಟರ್ ಇದೆ. ಅಮೆರಿಕದಲ್ಲಿ ‘ಬೋರ್ಡ್ ಸರ್ಟಿಫೈಡ್’ (ತಜ್ಞರ ಮಂಡಳಿಯ ಸರ್ಟಿಫಿಕೇಟ್ ಇರುವವರು) ಅಂದರೆ ಸಾಲದು, ಯಾವ ಬೋರ್ಡ್ ಅಂತ ಕೇಳಬೇಕು. ಆಸ್ಟ್ರೇಲಿಯಾದಲ್ಲಿ 2023ರಿಂದ ‘ಸರ್ಜನ್’ ಅಂತ ಹಾಕಿಕೊಳ್ಳುವುದಕ್ಕೇ ಕಾನೂನಿನ ಕಡಿವಾಣವಿದೆ.

ಡಿಗ್ರಿ ಸರಿಯಿದ್ದರೂ ಕೈ ಪಳಗಿರಬೇಕಲ್ಲ. ಇದೇ ಆಪರೇಷನ್ ಎಷ್ಟು ಸಲ ಮಾಡಿದ್ದೀರಿ, ಎಷ್ಟು ಜನಕ್ಕೆ ಮತ್ತೆ ಮಾಡಬೇಕಾಯಿತು ಅಂತ ನೇರವಾಗಿ ಕೇಳಿದೆ. ಅರಿವಳಿಕೆ ಕೊಡುವವರು ಯಾರು, ಏನಾದರೂ ಹೆಚ್ಚುಕಮ್ಮಿಯಾದರೆ ಐಸಿಯು ಅದೇ ಕಟ್ಟಡದಲ್ಲಿದೆಯಾ ಅನ್ನುವುದು ನನಗೆ ಇನ್ನೂ ಜಾಸ್ತಿ ಮುಖ್ಯವಾಗಿತ್ತು. ಕೊನೆಯದಾಗಿ, ಕನ್ಸಲ್ಟೇಷನ್‌ಗೆ ಸಿಕ್ಕವರೇ ಕತ್ತಿ ಹಿಡಿಯುತ್ತಾರಾ ಅಂತ ಕೇಳಿ, ಒಪ್ಪಿಗೆ ಪತ್ರದಲ್ಲಿ ಅವರ ಹೆಸರನ್ನೇ ಬರೆಸಿಕೊಂಡು ಸಹಿ ಹಾಕಿದೆ.