ಮನಸ್ಸಿನ ಅಂಟು ಬಿಡಿಸುವುದು ಹೇಗೆ?

ಉಡುಪಿ, ಮಣಿಪಾಲದ ಯೋಗ ತರಗತಿಗಳಲ್ಲಿ ಇದನ್ನು ತುಂಬಾ ಸಲ ನೋಡಿದ್ದೇನೆ. ಆಸನಗಳನ್ನೆಲ್ಲ ಚೆನ್ನಾಗಿ ಮಾಡುತ್ತಾರೆ. ಶವಾಸನಕ್ಕೆ ಮಲಗಿದ ಕೂಡಲೇ ಕೈ ಮೊಬೈಲ್ ಹುಡುಕುತ್ತದೆ. ಅಂಟು ಬಿಡಿಸುವ ಕೆಲಸ ಶುರುವಾಗುವುದೇ ಅಲ್ಲಿ. ಅಲ್ಲೇ ಎದ್ದು ಹೋದರೆ ಅದು ಬರೀ ವ್ಯಾಯಾಮ.

ಮೊದಲು ಒಂದೇ ಒಂದು ಅಂಟನ್ನು ಆರಿಸಿಕೊಳ್ಳಿ. ದುಬೈಯಲ್ಲಿರುವ ಮಗ ರಾತ್ರಿ 9ಕ್ಕೆ ಫೋನ್ ಮಾಡದಿದ್ದರೆ ಕೆಲವು ಅಮ್ಮಂದಿರಿಗೆ ಊಟ ಸೇರುವುದಿಲ್ಲ. ಪ್ರೀತಿ ಇರಲಿ, ಆ 9 ಗಂಟೆಯ ಹಟ ಹೋದರೆ ಸಾಕು.

ನಮ್ಮ ಕರಾವಳಿಯ ಸೆಕೆಗೆ ಅಗ್ಗದ ಪ್ಲಾಸ್ಟಿಕ್ ಮ್ಯಾಟ್ ಬೇಡವೇ ಬೇಡ. ಬೆವರಿಗೆ ಜಾರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ದಪ್ಪ ಜಮಖಾನ ಹಾಸಿಕೊಳ್ಳಿ.

ಹತ್ತು ನಿಮಿಷ ಪವನಮುಕ್ತಾಸನ (ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ಒತ್ತಿಕೊಳ್ಳುವುದು), ಶಶಾಂಕಾಸನ (ಮಂಡಿ ಮಡಚಿ ಕೂತು ಮುಂದೆ ಬಾಗುವುದು) ಮಾಡಿ. ಡಿಸ್ಕ್ ತೊಂದರೆ ಇದ್ದವರು ಮುಂದೆ ಬಾಗಬೇಡಿ.

ಈಗ ಶವಾಸನ. ಉಸಿರು ಒಳಗೆ 4 ಎಣಿಕೆ, ಹೊರಗೆ 6. ನಡುವೆ ಹಿಡಿಯಬೇಡಿ. ಉಸಿರು ಉದ್ದಕ್ಕೆ ಹೊರಗೆ ಹೋದಾಗ ಎದೆಬಡಿತ ನಿಧಾನವಾಗುತ್ತದೆ. ಆಮೇಲೆ ಆ ಬಾರದ ಫೋನನ್ನು ಬೇಕೆಂದೇ ನೆನಪಿಸಿಕೊಳ್ಳಿ. ಮೈಯಲ್ಲಿ ಎಲ್ಲಿ ಬಿಗಿಯಿತು ನೋಡಿ. ಹೆಚ್ಚಿನವರಿಗೆ ದವಡೆ ಕಚ್ಚಿಕೊಂಡಿರುತ್ತದೆ, ನಾಲಿಗೆ ಅಂಗುಳಿಗೆ ಒತ್ತಿರುತ್ತದೆ, ಹೊಟ್ಟೆ ಒಳಗೆ ಎಳೆದುಕೊಂಡಿರುತ್ತದೆ. ಯೋಚನೆಯನ್ನು ಓಡಿಸಲು ಹೋಗಬೇಡಿ. ಹಲಸಿನ ಮೇಣವನ್ನು ನೀರಲ್ಲಿ ಉಜ್ಜಿದಷ್ಟೂ ಕೈಗೆಲ್ಲ ಹರಡುತ್ತದೆ, ಎಣ್ಣೆ ಹಚ್ಚಿದರೆ ತಾನೇ ಬಿಡುತ್ತದೆ, ಅಲ್ವಾ? ಇಲ್ಲಿ ಎಣ್ಣೆ ಎಂದರೆ ಉಸಿರು. ಪ್ರತಿ ಸಲ ಉಸಿರು ಬಿಡುವಾಗಲೂ ಬಿಗಿದ ಜಾಗವನ್ನಷ್ಟೇ ಸಡಿಲ ಮಾಡಿ. 'ಒಂದು ಸಲ ಫೋನ್ ನೋಡಿಬಿಡೋಣ' ಅನ್ನಿಸುತ್ತದೆ. ಅನ್ನಿಸಲಿ, ಏಳಬೇಡಿ. ಆ ಸೆಳೆತ ಏರುತ್ತದೆ, ಆಮೇಲೆ ಇಳಿಯುತ್ತದೆ. ಇಳಿದ ಮೇಲೆಯೇ ಏಳಬೇಕು.

ಪತಂಜಲಿ ಯೋಗಸೂತ್ರದಲ್ಲಿ ಪ್ರತಿಪಕ್ಷ ಭಾವನೆ ಎಂಬ ಉಪಾಯವಿದೆ. ಕಾಡುವ ಯೋಚನೆಗೆ ಎದುರಾದ ಯೋಚನೆಯನ್ನು ತಂದುಕೊಳ್ಳುವುದು. 'ಅವನಿಗೆ ಡ್ಯೂಟಿ ಇರಬಹುದು, ಬಿಡುವಾದಾಗ ಮಾಡುತ್ತಾನೆ' ಎಂದುಕೊಳ್ಳಿ. ಆದರೆ ಇದು ಮೈ ಸಡಿಲವಾದ ಮೇಲೆ. ದವಡೆ ಕಚ್ಚಿಕೊಂಡೇ 'ಎಲ್ಲ ಮಾಯೆ' ಎಂದು ಜಪಿಸುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಸಂಕಟ ಮುಚ್ಚಿಹೋಗುತ್ತದೆ, ಕರಗುವುದಿಲ್ಲ.

ಅದೇ ರಾತ್ರಿ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಊಟ ಮುಗಿಸಿ. ಇದನ್ನು ತಪ್ಪಿಸಬೇಡಿ. ಯೋಗಸೂತ್ರ ಅಭ್ಯಾಸ, ವೈರಾಗ್ಯ ಎರಡನ್ನೂ ಒಟ್ಟಿಗೇ ಹೇಳುತ್ತದೆ. ಜಮಖಾನದ ಮೇಲೆ ಕಲಿತದ್ದು ಊಟದ ಹೊತ್ತಿಗೂ ಬರಬೇಕು.

ಇನ್ನೊಂದು ಮಾತು. ಫ್ಯಾನಿನ ಕೆಳಗಿನ 'ನನ್ನ ಜಾಗ'ದಲ್ಲಿ ಬೇರೆಯವರು ಕೂತರೆ ಮುಖ ಸಣ್ಣ ಮಾಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅದೂ ಅಂಟೇ. ನಮ್ಮ ಉಡುಪಿ ಕೃಷ್ಣಮಠದಲ್ಲಿ 2 ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಅಷ್ಟಮಠಗಳ ಪೂಜೆಯ ಸರದಿ, ಬಂದಾಗ ಪೂಜೆಯ ಅಧಿಕಾರವನ್ನೇ ಅಕ್ಷಯಪಾತ್ರೆಯ ಜೊತೆ ಮುಂದಿನ ಮಠಕ್ಕೆ ಒಪ್ಪಿಸುತ್ತಾರೆ. ನಾವು ವಾರಕ್ಕೊಮ್ಮೆ ಜಾಗ ಬದಲಿಸಬಹುದು.

ಅಗಲಿಕೆಯ ದುಃಖದಿಂದ ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರು ಮಾತ್ರ ಸುಮ್ನೆ ಶವಾಸನವನ್ನೇ ನಂಬಿ ಕೂರಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ.