ಅಮಿಗಾ 1200ಕ್ಕೆ ಅಗತ್ಯ ತಂತ್ರಾಂಶಗಳನ್ನು ಹುಡುಕಿ ತರುವ ಕ್ರಮ

ಕಮೊಡೋರ್ ಕಂಪನಿ 1992ರಲ್ಲಿ ಹೊರತಂದ ಅಮಿಗಾ 1200 ಗಣಕವನ್ನು ಇಂದು ಕೊಳ್ಳುವವರಿಗೆ ಅದರೊಂದಿಗೆ ಹೆಚ್ಚೆಂದರೆ ವರ್ಕ್‌ಬೆಂಚ್ (ಅಮಿಗಾದ ಕಾರ್ಯಾಚರಣಾ ವ್ಯವಸ್ಥೆ) ಫ್ಲಾಪಿಗಳು ಸಿಗುತ್ತವೆ. ಉಳಿದ ಉಪಯುಕ್ತ ತಂತ್ರಾಂಶಗಳಲ್ಲಿ ಬಹುಪಾಲು ಆಮಿನೆಟ್ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಅದೇ 1992ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಈ ಭಂಡಾರವನ್ನು ಅಮಿಗಾ ಪ್ರಿಯರು ಇಂದಿಗೂ ಕಾಪಾಡಿಕೊಂಡು ಬಂದಿರುವುದು ನಿಜಕ್ಕೂ ದೊಡ್ಡ ಉಪಕಾರ. ಅಲ್ಲಿ ಹುಡುಕುವುದು ಸುಲಭ. ಹುಡುಕಿದ್ದನ್ನು ಯಂತ್ರದೊಳಗೆ ತರುವುದೇ ಕಷ್ಟವಾದ್ದರಿಂದ, ಯಾವುದನ್ನು ಮೊದಲು ತರಬೇಕು ಎಂಬುದನ್ನು ತಿಳಿದಿರಬೇಕು.

ಮೊದಲು ಬೇಕಾದದ್ದು ಕುಗ್ಗಿಸಿದ ಕಡತಗಳನ್ನು ಬಿಚ್ಚುವ ಎಲ್‌ಎಚ್‌ಎ. ಆಮಿನೆಟ್‌ನ ಬಹುತೇಕ ಕಡತಗಳು ಈ ವಿಧಾನದಲ್ಲೇ ಕುಗ್ಗಿಸಿದಂಥವು. ‘ಯುಟಿಲ್’ ವಿಭಾಗದ ‘ಆರ್ಕ್’ ಉಪವಿಭಾಗದಲ್ಲಿರುವ ‘ಎಲ್‌ಎಚ್‌ಎ.ರನ್’ ತನ್ನನ್ನು ತಾನೇ ಬಿಚ್ಚಿಕೊಳ್ಳುವ ಕಡತವಾಗಿರುವುದರಿಂದ ಅದಕ್ಕೆ ಬೇರೆ ಸಾಧನ ಬೇಕಿಲ್ಲ. ಕುಗ್ಗಿಸಿದ ಕಡತಗಳನ್ನು ಪಿಸಿಯಲ್ಲಿಯೇ ಬಿಚ್ಚಿ ಸಾಗಿಸಬೇಡಿ. ಹಾಗೆ ಮಾಡಿದರೆ ಅಮಿಗಾ ಪ್ರತಿ ಕಡತಕ್ಕೂ ಇಟ್ಟಿರುವ ರಕ್ಷಣಾ ಗುರುತುಗಳು ಅಳಿಸಿಹೋಗಿ, ಕೆಲವು ಸ್ಕ್ರಿಪ್ಟ್‌ಗಳು ನಡೆಯುವುದೇ ಇಲ್ಲ.

ಸಾಗಿಸಲು ಫ್ಲಾಪಿಯೇ ಮೊದಲ ದಾರಿ. ಅಮಿಗಾದ 880 ಕಿಲೋಬೈಟ್ ಫ್ಲಾಪಿಯನ್ನು ಪಿಸಿಯ ಸಾಮಾನ್ಯ ಡ್ರೈವ್ ಓದಲಾರದು, ಆದರೆ ಪಿಸಿಯ 720 ಕಿಲೋಬೈಟ್ ಫ್ಲಾಪಿಯನ್ನು ಅಮಿಗಾ ಓದಬಲ್ಲದು, ಏಕೆಂದರೆ ವರ್ಕ್‌ಬೆಂಚ್ 2.1ರಿಂದ ಪಿಸಿ ಫ್ಲಾಪಿಗಳನ್ನು ಓದಿಸುವ ಕ್ರಾಸ್‌ಡಾಸ್ ಅದರೊಂದಿಗೇ ಬರುತ್ತದೆ. ‘ಸ್ಟೋರೇಜ್’ ಒಳಗಿನ ‘ಡಾಸ್‌ಡ್ರೈವರ್ಸ್’ನಲ್ಲಿರುವ ‘ಪಿಸಿ0’ ಚಿಹ್ನೆಯನ್ನು ಎರಡು ಬಾರಿ ಒತ್ತಿ, ಖಾಲಿ ಡಬಲ್ ಡೆನ್ಸಿಟಿ ಫ್ಲಾಪಿಯನ್ನು ಅಮಿಗಾದಲ್ಲಿಯೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಇತ್ತೀಚಿನ ವಿಂಡೋಸ್‌ನಲ್ಲಿ 720 ಕಿಲೋಬೈಟ್‌ಗೆ ಫಾರ್ಮ್ಯಾಟ್ ಮಾಡಲು ಹೆಣಗುವುದಕ್ಕಿಂತ ಇದು ಮೇಲು.

ಅದೇ ಫ್ಲಾಪಿಯಲ್ಲಿ, ಮೆಮೊರಿ ಕಾರ್ಡನ್ನು ಗುರುತಿಸುವ ‘ಸಿಎಫ್‌ಕಾರ್ಡ್’ ಮತ್ತು ಅದರಲ್ಲಿ ಪಿಸಿ ಬರೆದ ಕಡತಗಳನ್ನು ಓದಿಸುವ ‘ಫ್ಯಾಟ್95’ ಕಡತಗಳನ್ನೂ ತನ್ನಿ. ಇವೆರಡನ್ನು ಸ್ಥಾಪಿಸಿದ ಮೇಲೆ ಯಂತ್ರದ ಎಡಬದಿಯ ಪಿಸಿಎಂಸಿಐಎ (ವಿಸ್ತರಣಾ ಕಾರ್ಡ್‌ಗಳ) ಕಿಂಡಿಗೆ ಅಡಾಪ್ಟರ್ ಮೂಲಕ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಹಾಕಿ ನೂರಾರು ಕಡತಗಳನ್ನು ಒಂದೇ ಸಲಕ್ಕೆ ತರಬಹುದು. ಆಮೇಲೆ ಫ್ಲಾಪಿಯ ಹಂಗಿರುವುದಿಲ್ಲ. ಒಂದು ಎಚ್ಚರಿಕೆ: ಕೆಲವು 8 ಮೆಗಾಬೈಟ್ ಮೆಮೊರಿ ವಿಸ್ತರಣೆಗಳು ಈ ಕಿಂಡಿಯ ವಿಳಾಸಗಳನ್ನೇ ಬಳಸಿಕೊಳ್ಳುವುದರಿಂದ ಕಾರ್ಡ್ ಕಾಣಿಸದೇ ಹೋಗಬಹುದು. ಆಗ ವಿಸ್ತರಣೆಯ ಜಂಪರ್ (ಪಿನ್‌ಗಳನ್ನು ಜೋಡಿಸುವ ಸಣ್ಣ ತುಂಡು) ಬದಲಿಸಿ 4 ಮೆಗಾಬೈಟ್‌ಗೆ ಇಳಿಸಬೇಕು.

ನಂತರ ಯಂತ್ರದ ವಿವರ ತೋರಿಸುವ ಸಿಸ್‌ಇನ್ಫೋ, ಕೆಟ್ಟ ಡಿಸ್ಕಿನಿಂದ ಕಡತಗಳನ್ನು ಉಳಿಸುವ ಡಿಸ್ಕ್‌ಸಾಲ್ವ್, ಬೂಟ್‌ಬ್ಲಾಕ್‌ನಲ್ಲಿ (ಡಿಸ್ಕಿನ ಆರಂಭದ ಭಾಗ) ವೈರಸ್ ಇದೆಯೇ ಎಂದು ಪರೀಕ್ಷಿಸುವ ವೈರಸ್‌ಜೆಡ್ ಇವುಗಳನ್ನು ತರಬಹುದು. ಬೇರೆಯವರ ಹಳೆಯ ಫ್ಲಾಪಿಗಳನ್ನು ಬಳಸುವವರು ವೈರಸ್‌ಜೆಡ್ ಅನ್ನು ಬಿಡಲೇಬಾರದು. ಆಮಿನೆಟ್‌ನಲ್ಲಿ ಪ್ರತಿ ಕಡತದ ಜೊತೆಗಿರುವ ‘ರೀಡ್‌ಮಿ’ಯನ್ನು ಇಳಿಸಿಕೊಳ್ಳುವ ಮೊದಲೇ ಓದಿ, ಅದು ಕೇಳುವ ಪ್ರೊಸೆಸರ್, ಕಿಕ್‌ಸ್ಟಾರ್ಟ್ (ಯಂತ್ರದ ಚಿಪ್‌ನಲ್ಲಿರುವ ಮೂಲ ತಂತ್ರಾಂಶ) ಆವೃತ್ತಿ ಮತ್ತು ಲೈಬ್ರರಿಗಳು ನಿಮ್ಮಲ್ಲಿವೆಯೇ ಎಂದು ನೋಡಿಕೊಳ್ಳಿ. ಎಲ್ಲ ಸರಿಯಿದ್ದೂ ತಂತ್ರಾಂಶ ಮೌನವಾಗಿ ನಿಂತುಬಿಟ್ಟರೆ ತಂತ್ರಾಂಶಗಳು ಯಾವ ಕಡತ ಕೇಳುತ್ತಿವೆ ಎಂದು ತೋರಿಸುವ ಸ್ನೂಪ್‌ಡಾಸ್ ನಡೆಸಿಟ್ಟು, ನಿಂತ ತಂತ್ರಾಂಶವನ್ನು ಮತ್ತೆ ತೆರೆಯಿರಿ; ಆ ತಂತ್ರಾಂಶ ಹುಡುಕಿ ಸಿಗದೇಹೋದ ಕಡತದ ಹೆಸರು ಪರದೆಯ ಮೇಲೆ ಬರುತ್ತದೆ, ಆ ಹೆಸರನ್ನೇ ಆಮಿನೆಟ್‌ನಲ್ಲಿ ಹುಡುಕಬಹುದು.